ಸಾಫ್ಟ್‌ವೇರ್ ಬಿಟ್ಟು ಕಾದಂಬರಿ ಬರೀತೀನಿ ಅನ್ನೋರಿಗೆ: ಬಿಡಿ, ಆದ್ರೆ ಈಗಲ್ಲ

ಪ್ರಶ್ನೆ: ಮೇಡಂ, ನಮ್ಮೂರು ಹಾಸನದ ಹತ್ರ, ಈಗ ಇರೋದು ಬೆಂಗಳೂರಲ್ಲಿ. ವಯಸ್ಸು 37, ಸಾಫ್ಟ್‌ವೇರ್‌ನಲ್ಲಿ 13 ವರ್ಷ ಆಯ್ತು. ಐದಾರು ಕಥೆ ಪತ್ರಿಕೆಗಳಲ್ಲಿ ಬಂದಿವೆ. ಒಂದು ಕಾದಂಬರಿ 22 ಸಾವಿರ ಪದದವರೆಗೆ ಬರೆದು ಎರಡು ವರ್ಷದಿಂದ ಹಾಗೇ ನಿಂತಿದೆ, ಕೆಲಸದ ಮಧ್ಯೆ ಟೈಮೇ ಸಿಗ್ತಿಲ್ಲ. ಹೆಂಡತಿ ಟೀಚರ್, ಸಂಬಳ 38 ಸಾವಿರ. ಮಗಳು ಒಂದನೇ ಕ್ಲಾಸು. ಇಎಂಐ ಸೇರಿ ತಿಂಗಳ ಖರ್ಚು 95 ಸಾವಿರ, ಉಳಿತಾಯ 22 ಲಕ್ಷ. ಬೂಕರ್ ನಮ್ಮ ಹಾಸನಕ್ಕೇ ಬಂದ ಮೇಲೆ ಸ್ವಲ್ಪ ಧೈರ್ಯ ಬಂದಿದೆ. ಕೆಲಸ ಬಿಟ್ಟು ಬರವಣಿಗೆಗೇ ಕೂತ್ಕೊಳ್ಲಾ? ಪುಸ್ತಕ ನಾನೇ ಹಾಕ್ಲಾ, ಪ್ರಕಾಶಕರಿಗೆ ಕೊಡ್ಲಾ? ಅಪ್ಪ ಈ ವಿಷಯ ಕೇಳಿದಾಗಿಂದ ಮಾತು ಬಿಟ್ಟಿದಾರೆ.

ಉತ್ತರ: ಬಿಡಿ. ಆದ್ರೆ ಈಗಲ್ಲ, ಆ ನಿಂತಿರೋ ಕಾದಂಬರಿಯ ಮೊದಲ ಕರಡು ಮುಗಿದ ಮೇಲೆ. ನಿಮ್ಮ ಪತ್ರ ಮೂರು ಸಲ ಓದಿದೆ, ಮೂರು ಸಲವೂ ಉಳಿತಾಯದ ಅಂಕಿ, ಇಎಂಐ ಇವೆಲ್ಲಕ್ಕಿಂತ ಜಾಸ್ತಿ ನನ್ನ ಕಣ್ಣು ಹೋಗಿ ನಿಂತಿದ್ದು "22 ಸಾವಿರ ಪದ, ಎರಡು ವರ್ಷದಿಂದ ಹಾಗೇ" ಅನ್ನೋ ಸಾಲಿನ ಮೇಲೆ. ಟೈಮ್ ಇಲ್ಲದೆ ನಿಂತಿದೆ ಅಂತ ನೀವು ಅಂದ್ಕೊಂಡಿದೀರ. ಇರಬಹುದು. ಆದ್ರೆ ಕಾದಂಬರಿ ಮೂರನೇ ಒಂದು ಭಾಗ ದಾಟೋ ಹೊತ್ತಿಗೆ ಟೈಮ್ ಇದ್ದೋರದ್ದೂ ನಿಲ್ಲುತ್ತೆ, ಯಾಕಂದ್ರೆ ಶುರುವಿನ ಹುರುಪು ಅಲ್ಲಿಗೆ ಮುಗಿದಿರುತ್ತೆ, ಪಾತ್ರಗಳು ನಾವು ಅಂದ್ಕೊಂಡ ಕಡೆ ಹೋಗಲ್ಲ ಅಂತ ಹಟ ಹಿಡಿಯೋದೂ ಅಲ್ಲೇ. ಅಲ್ಲಿ ನಿಂತಿದ್ದು ಟೈಮ್ ಇಲ್ಲದೇನೋ ದಾರಿ ಗೊತ್ತಾಗದೇನೋ ಅಂತ ಕೆಲಸದಲ್ಲಿ ಇರುವಾಗ್ಲೇ ತಿಳ್ಕೊಬೇಕು. ಕೆಲಸ ಬಿಟ್ಟ ಮೇಲೆ ತಿಳಿದ್ರೆ ಆ ಪಾಠಕ್ಕೆ ತಿಂಗಳಿಗೆ 57 ಸಾವಿರ, ಅಂದ್ರೆ ಖರ್ಚಿನಲ್ಲಿ ಹೆಂಡತಿ ಸಂಬಳ ಕಳೆದು ಉಳಿಯೋ ಕೊರತೆ, ಕೈಯಿಂದ ಕೊಡ್ಬೇಕಾಗುತ್ತೆ.

ನಾನು ಹೇಳ್ತಿರೋದು ಅನುಭವದಿಂದ. 14 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ, 2014ರಲ್ಲಿ ಬಿಟ್ಟೆ. ಬಿಟ್ಟ ಮೊದಲ ಆರು ತಿಂಗಳು ಒಂದು ಪುಟ ಬರೀಲಿಲ್ಲ. ಮೊದಲೆಲ್ಲಾ ಬೆಳಗ್ಗೆ ಐದಕ್ಕೆ ಎದ್ದು ಕ್ಯಾಬ್ ಬರೋದ್ರೊಳಗೆ ಒಂದೂವರೆ ಗಂಟೆ ಬರೀತಿದ್ದೋಳು, ದಿನವೆಲ್ಲಾ ನನ್ನದೇ ಆದ ಮೇಲೆ ಆ ಒಂದೂವರೆ ಗಂಟೆಯೂ ಹೋಯ್ತು. ಗ್ಯಾಸ್ ಬರುತ್ತೆ ಇರು, ಪ್ಲಂಬರ್ ಬರ್ತಾನೆ ನೋಡ್ಕೋ, ಅತ್ತೇನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗು, ನೀನು ಮನೇಲೇ ಇರ್ತೀಯಲ್ಲ. ಯಾರದ್ದೂ ತಪ್ಪಿಲ್ಲ, ಪ್ರೀತಿಯಿಂದಲೇ ಕೇಳೋದು. ಆದ್ರೆ ಬರೆಯೋದು ಕೆಲಸ ಅಂತ ಮನೆಯವರಿಗೆ ಕಾಣಬೇಕಾದ್ರೆ ಮೊದಲು ನಮಗೆ ಕಾಣಬೇಕು. ಕೊನೆಗೆ ನಾನು ಮಾಡಿದ್ದು ಇಷ್ಟೇ, ಬುತ್ತಿ ಕಟ್ಕೊಂಡು ಕಬ್ಬನ್ ಪಾರ್ಕ್ ಒಳಗಿನ ಕೇಂದ್ರ ಗ್ರಂಥಾಲಯಕ್ಕೆ ಹೋಗೋಕೆ ಶುರು ಮಾಡ್ದೆ, ಆ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಹಾಲ್. ಹತ್ತರಿಂದ ಒಂದರವರೆಗೆ ಅಲ್ಲಿ ಕೂರ್ತಿದ್ದೆ, ಸುತ್ತ ಕೆಎಎಸ್, ಪಿಡಿಒ ಪರೀಕ್ಷೆಗೆ ಓದೋ ಹುಡುಗ್ರು. ಅವರು ತಲೆ ಎತ್ತದೆ ಓದೋದು ನೋಡಿ ನಾನೂ ತಲೆ ಎತ್ತದೆ ಬರೀತಿದ್ದೆ. ಮೊದಲ ಕಾದಂಬರಿ ಅಲ್ಲಿ ಮುಗೀತು. ಆಫೀಸು ನಮಗೆ ಕೊಡ್ತಿದ್ದದ್ದು ಸಂಬಳ ಒಂದೇ ಅಲ್ಲ, ದಿನಕ್ಕೊಂದು ಆಕಾರ ಕೊಡ್ತಿತ್ತು, ಅದು ಹೋದಾಗ್ಲೇ ಗೊತ್ತಾಗೋದು.

ಲೆಕ್ಕ ಹಾಕೋಣ ಬನ್ನಿ, ನಿಮಗೆ ಲೆಕ್ಕ ಹೊಸದಲ್ಲ. ಡೆಮಿ ಅನ್ನೋ ಪುಸ್ತಕದ ಅಳತೇಲಿ 250 ಪುಟದ ಕನ್ನಡ ಕಾದಂಬರಿ ಅಂದ್ರೆ ಹತ್ತಿರ ಹತ್ತಿರ 60 ಸಾವಿರ ಪದ. ನಿಮಗೆ ಉಳಿದಿರೋದು 38 ಸಾವಿರ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದ್ರೆ 25 ವಾರ ಚಿಲ್ಲರೆ, ಅಂದ್ರೆ ಆರು ತಿಂಗಳು. ರಿಲೀಸ್ ವಾರ, ಮಗಳ ಜ್ವರ, ಊರಿನ ಹಬ್ಬ ಎಲ್ಲಾ ಸೇರಿಸಿ ಎಂಟು ತಿಂಗಳು ಅಂತಿಟ್ಕೊಳ್ಳಿ. 300 ಪದ ಅಂದ್ರೆ ನೀವು ನನಗೆ ಬರೆದ ಮೇಲ್‌ಗಿಂತ ಸ್ವಲ್ಪ ಕಮ್ಮಿ, ಪತ್ರದಲ್ಲಿ ನಾನಿಲ್ಲಿ ಹಾಕಿರೋದಕ್ಕಿಂತ ತುಂಬಾ ಬರೆದಿದ್ರಿ, ಅದನ್ನ ರಾತ್ರಿ ಹನ್ನೊಂದೂವರೆಗೆ ಕಳಿಸಿದ್ರಿ. ಆ ಹೊತ್ತು ನಿಮ್ಮ ಹತ್ರ ಇದೆ. ಕರಡು ಚೆನ್ನಾಗಿರ್ಬೇಕು ಅಂತ ಏನಿಲ್ಲ, ಮುಗೀಬೇಕು. ಹಿಂದಿನ ಅಧ್ಯಾಯಕ್ಕೆ ಹೋಗಿ ತಿದ್ದೋದು ಬೇಡ, ನಮ್ಮ ಕೆಲಸದಿಂದ ಬಂದೋರಿಗೆ ಈ ಚಟ ಜಾಸ್ತಿ, ಬಗ್ ಕಂಡ ತಕ್ಷಣ ಫಿಕ್ಸ್ ಮಾಡದೆ ಮುಂದೆ ಹೋಗೋಕೆ ಕೈ ಬರಲ್ಲ. ಹಾಗೇ ಕಥೆಯ ಪೂರ್ತಿ ಡಿಸೈನ್ ಮೊದಲೇ ಮಾಡಿ ಎಕ್ಸೆಲ್‌ನಲ್ಲಿ ಹಾಕ್ಕೊಂಡು ಕೂರೋದೂ ಬೇಡ, ಮುಂದಿನ ಎರಡು ದೃಶ್ಯ ಗೊತ್ತಿದ್ರೆ ಸಾಕು.

ಈಗ ದುಡ್ಡು. ಇದನ್ನ ಮುಚ್ಚಿಟ್ಟು ಮಾತಾಡೋದು ಅನ್ಯಾಯ, ಅದಕ್ಕೇ ನೇರವಾಗಿ ಹೇಳ್ತೀನಿ, ಕನ್ನಡದಲ್ಲಿ ಬರೀ ಕಾದಂಬರಿ ಬರೆದು ಬೆಂಗಳೂರಲ್ಲಿ ಇಎಂಐ ಕಟ್ಟೋಕೆ ಆಗಲ್ಲ. ಹೊಸಬರ ಪುಸ್ತಕ ಸಾಮಾನ್ಯವಾಗಿ 500ರಿಂದ 1000 ಪ್ರತಿ ಅಚ್ಚಾಗುತ್ತೆ. ರಾಯಲ್ಟಿ ಬಹುತೇಕ ಕಡೆ ಮುಖಬೆಲೆಯ 10%. 300 ರೂಪಾಯಿ ಪುಸ್ತಕ, ಸಾವಿರ ಪ್ರತಿ ಪೂರ್ತಿ ಮಾರಾಟ ಆದ್ರೆ 30 ಸಾವಿರ, ಅದೂ ಒಂದೇ ಸಲ ಅಲ್ಲ, ಎರಡು ಮೂರು ವರ್ಷದಲ್ಲಿ. ಪ್ರಶಸ್ತಿ ಲೆಕ್ಕಕ್ಕೆ ಹಿಡೀಬೇಡಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಮೊತ್ತವೇ 1 ಲಕ್ಷ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಂದ್ರೆ ಬರಲಿ, ಮನೆ ಬಜೆಟ್‌ಗೆ ಸೇರಿಸ್ಬೇಡಿ.

ಬೂಕರ್ ವಿಷಯ ಹೇಳಿದ್ರಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾನೂ ರಾತ್ರಿಯೆಲ್ಲಾ ನಿದ್ದೆ ಮಾಡ್ಲಿಲ್ಲ, ಅಷ್ಟು ಸಂತೋಷ. ಆ 50 ಸಾವಿರ ಪೌಂಡ್ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಆದ್ರೆ ಧೈರ್ಯ ತಗೊಳ್ಳೋದಾದ್ರೆ ಆ ರಾತ್ರಿಯಿಂದ ತಗೊಬೇಡಿ, ಅವರ ಅದಕ್ಕೂ ಹಿಂದಿನ ಬದುಕಿಂದ ತಗೊಳ್ಳಿ. ಹಾಸನದಲ್ಲಿ ವಕೀಲಿಕೆ ಮಾಡ್ಕೊಂಡು, ಕೋರ್ಟಿಗೆ ಬರೋ ಹೆಣ್ಮಕ್ಕಳ ಕಷ್ಟ ಕೇಳ್ಕೊಂಡು, ಹೋರಾಟಗಳಲ್ಲಿ ಓಡಾಡ್ಕೊಂಡು ದಶಕಗಳ ಕಾಲ ಬರೆದೋರು ಅವರು.

ನಿಮ್ಮ ಮನೆ ಲೆಕ್ಕಕ್ಕೆ ಬರೋಣ. 95ರಲ್ಲಿ 38 ಕಳೆದ್ರೆ ತಿಂಗಳಿಗೆ 57 ಸಾವಿರ ಕೊರತೆ, ವರ್ಷಕ್ಕೆ 6.84 ಲಕ್ಷ. ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ, ಸ್ಕೂಲ್ ಫೀಸ್ ಏರಿಕೆ ಸೇರಿಸಿ ಏಳೂವರೆ ಅನ್ನಿ. 22 ಲಕ್ಷದಲ್ಲಿ 5 ಲಕ್ಷ ಆಪತ್ತಿಗೆ ಅಂತ ಎತ್ತಿಟ್ಟು ಅದನ್ನ ಮರೆತುಬಿಡಿ, ಉಳಿದ 17 ಲಕ್ಷಕ್ಕೆ ಎರಡೂಕಾಲು ವರ್ಷ. ಇದು ಕಮ್ಮಿ ಅಲ್ಲ ಆದ್ರೆ ಜಾಸ್ತಿಯೂ ಅಲ್ಲ, ಒಂದು ಪುಸ್ತಕ ಬರೆದು ಅಚ್ಚಾಗಿ ಓದುಗರ ಹತ್ರ ಹೋಗಿ ಎರಡನೇದು ಶುರುವಾಗೋ ಹೊತ್ತಿಗೆ ಪಾಸ್‌ಬುಕ್ ನೋಡೋಕೆ ಭಯ ಆಗುತ್ತೆ, ಭಯದಲ್ಲಿ ಬರೆದ ಎರಡನೇ ಪುಸ್ತಕ ಕೆಡುತ್ತೆ. ಅದಕ್ಕೆ ನಾನು ಕಂಡ್ಕೊಂಡ ದಾರಿ ಹೇಳ್ತೀನಿ, ಎಲ್ಲರಿಗೂ ಒಗ್ಗುತ್ತೋ ಇಲ್ವೋ. ವರ್ಷದಲ್ಲಿ ಮೂರು ತಿಂಗಳು ಕಾಂಟ್ರಾಕ್ಟ್ ಕೆಲಸ ತಗೋತೀನಿ, ಹಳೇ ಟೆಸ್ಟಿಂಗ್ ಕೆಲಸವೇ, ಒಂಬತ್ತು ತಿಂಗಳು ಬರೀತೀನಿ. ಮೂರು ತಿಂಗಳ ದುಡಿಮೆ ನಿಮ್ಮ ಆ ಏಳೂವರೆ ಲಕ್ಷದಲ್ಲಿ ಅರ್ಧ ತುಂಬಿದ್ರೂ ಎರಡೂಕಾಲು ವರ್ಷ ನಾಲ್ಕೂವರೆ ವರ್ಷ ಆಗುತ್ತೆ. ಕೈಯಲ್ಲಿರೋ ಕಸುಬು ಬಿಡಬೇಡಿ ಅಂತಿರೋದು ಅದಕ್ಕೇ. ಎಷ್ಟೋ ಜನ ಬರವಣಿಗೆಗೆ ಹತ್ತಿರ ಇರುತ್ತೆ ಅಂತ ಧಾರಾವಾಹಿ ಸಂಭಾಷಣೆಗೆ ಹೋಗ್ತಾರೆ. ಅದು ಗೌರವದ ಕೆಲಸ, ಕಷ್ಟದ ಕೆಲಸ. ಆದ್ರೆ ದಿನವೂ ಎಪಿಸೋಡ್ ಕೊಡೋನಿಗೆ ರಾತ್ರಿ ಬಂದು ಕಾದಂಬರಿ ಬರೆಯೋಕೆ ಭಾಷೆ ಉಳಿದಿರಲ್ಲ. ಟೆಸ್ಟ್ ಕೇಸ್ ಬರೆದ ದಿನ ನನ್ನ ಕನ್ನಡ ಮುಟ್ಟದೆ ಹಾಗೇ ಇರುತ್ತೆ.

ರಾಜೀನಾಮೆ ಕೊಡೋ ಮುಂಚೆ ಮೂರು ಕೆಲಸ ಇವೆ, ಬೇಸರ ಅನ್ಸಿದ್ರೂ ಮಾಡಿ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ ನೀವು ಬಿಟ್ಟ ದಿನವೇ ನಿಲ್ಲುತ್ತೆ, ಅದಕ್ಕೆ ಈಗ್ಲೇ ಫ್ಯಾಮಿಲಿಗೆ ಸ್ವಂತ ಪಾಲಿಸಿ ತಗೊಳ್ಳಿ. ಮೊದಲೇ ಇರೋ ಬಿಪಿ ಶುಗರ್ ಥರದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯೋ ಅವಧಿ ಇರಬಹುದು, ಆ ಗಡಿಯಾರ ಸಂಬಳ ಬರೋವಾಗ್ಲೇ ಓಡ್ಲಿ. ಎರಡನೇದು, ಈಗಿನ ಕಂಪನೀಲಿ ಐದು ವರ್ಷ ಆಗೋಕೆ ಸ್ವಲ್ಪವೇ ಬಾಕಿ ಇದ್ರೆ ಅದನ್ನ ಮುಗಿಸಿ, ಆಗ ಸಿಗೋ ಗ್ರಾಚ್ಯುಟಿ ದುಡ್ಡು ಸುಮ್ನೆ ಬಿಟ್ಟು ಬರ್ಬೇಡಿ. ಮೂರನೇದು ಯಾರೂ ಹೇಳಲ್ಲ, ನಿಮ್ಮ ಆಫರ್ ಲೆಟರ್ ತೆಗೆದು ಬೌದ್ಧಿಕ ಹಕ್ಕಿನ ಕಲಮು ಓದಿ. ಕಾಪಿರೈಟ್ ಕಾಯ್ದೆ ಪ್ರಕಾರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದ್ದು, ನಿಮ್ಮ ಕಾದಂಬರಿ ಅದರಲ್ಲಿ ಬರಲ್ಲ. ಆದ್ರೆ ಕೆಲವು ಕಾಂಟ್ರಾಕ್ಟ್‌ಗಳಲ್ಲಿ ನೌಕರಿಯಲ್ಲಿದ್ದಾಗ ಸೃಷ್ಟಿಸಿದ್ದೆಲ್ಲಾ ನಮ್ಮದು ಅಂತ ಅಗಲವಾಗಿ ಬರೆದಿರ್ತಾರೆ, ಹಾಗಿದ್ರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಸಾಹಿತ್ಯ ಕೃತಿ ಹೊರಗೆ ಅಂತ ಬರೆಸ್ಕೊಳ್ಳಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕಾದಂಬರಿ ಟೈಪ್ ಮಾಡ್ತಿದ್ರೆ ಇವತ್ತೇ ನಿಲ್ಲಿಸಿ. ಫೈಲ್ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ, ಯೂನಿಕೋಡ್‌ನಲ್ಲಿ ಇರ್ಲಿ. ಹಳೇ ನುಡಿ, ಬರಹ ಆಸ್ಕಿ ಫಾಂಟ್‌ನಲ್ಲಿ ಬರೆದಿಟ್ರೆ ಆಮೇಲೆ ಕನ್ವರ್ಟ್ ಮಾಡುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಚೆಲ್ಲಾಪಿಲ್ಲಿ ಆಗಿ ಪ್ರೂಫ್ ನೋಡೋರ ಪ್ರಾಣ ಹೋಗುತ್ತೆ.

ಪ್ರಕಾಶಕರಾ, ಸ್ವಂತವಾ. ಮೊದಲ ಪುಸ್ತಕ ಒಳ್ಳೇ ಪ್ರಕಾಶಕರಿಗೆ ಕೊಡಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಬ್ಬ ಒಳ್ಳೇ ಸಂಪಾದಕ ನಿಮ್ಮ ಕರಡಿಗೆ ಮಾಡೋದನ್ನ ನೀವೇ ಮಾಡ್ಕೊಳ್ಳೋಕೆ ಆಗಲ್ಲ. ಆದ್ರೆ ಕಾಗದಕ್ಕೆ ಸಹಿ ಹಾಕೋ ಮುಂಚೆ ಓದಿ. ನನ್ನ ಮೊದಲ ಕಥಾಸಂಕಲನಕ್ಕೆ ಒಬ್ಬ ಪ್ರಕಾಶಕರು ಒಂದು ಪುಟದ ಪತ್ರ ಕೊಟ್ಟರು, "ಎಲ್ಲಾ ಹಕ್ಕುಗಳು ಪ್ರಕಾಶಕರದ್ದು" ಅಂತ ಒಂದೇ ಸಾಲು. ಪುಸ್ತಕ ಬರ್ತಿದೆ ಅನ್ನೋ ಖುಷೀಲಿ ಹಾಕ್ದೆ. ಆಮೇಲೆ ಎಷ್ಟು ಮಾರಾಟ ಆಯ್ತು ಅಂತ ಕೇಳಿದ್ರೆ ಉತ್ತರ ಇಲ್ಲ, ಇನ್ಯಾರೋ ಆಡಿಯೋ ಮಾಡ್ತೀವಿ ಅಂತ ಬಂದಾಗ ಕೊಡೋಕೆ ಆಗಲ್ಲ ಅನ್ನೋ ಸ್ಥಿತಿ. ಒಂದು ವರ್ಷ ಕೊರಗಿದ ಮೇಲೆ ಪರಿಚಯದ ವಕೀಲರೊಬ್ಬರು ಪತ್ರ ನೋಡಿ ಹೇಳಿದ್ರು, 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆಗೆ ಅವಧಿ ಬರೆಯದೇ ಇದ್ರೆ ಅದು ಐದು ವರ್ಷ ಅಂತಲೇ ಲೆಕ್ಕ, ಯಾವ ಪ್ರದೇಶ ಅಂತ ಬರೆಯದೇ ಇದ್ರೆ ಭಾರತ ಮಾತ್ರ. ನನ್ನ ಐದು ವರ್ಷ ಮುಗೀತಾ ಬಂದಿತ್ತು, ಕಥೆಗಳು ವಾಪಸ್ ಬಂದ್ವು. ಇನ್ನೊಂದು, ಬೇರೆ ಥರ ಒಪ್ಪಂದ ಇಲ್ದಿದ್ರೆ ಕೊಟ್ಟ ಹಕ್ಕನ್ನ ಒಂದು ವರ್ಷದೊಳಗೆ ಬಳಸದೇ ಹೋದ್ರೆ ಅದು ಬಿದ್ದುಹೋಗುತ್ತೆ, ನಿಮ್ಮ ಹಸ್ತಪ್ರತಿ ವರ್ಷಗಟ್ಟಲೆ ಯಾರದೋ ಬೀರುವಲ್ಲಿ ಕೊಳೀತಿದ್ರೆ ಇದು ನೆನಪಿರ್ಲಿ. ಹಾಗಾಗಿ ಪತ್ರದಲ್ಲಿ ಬರೆಸಿ, ಎಷ್ಟು ವರ್ಷ, ಎಷ್ಟು ಪ್ರತಿ, ಮುದ್ರಿತ ಪುಸ್ತಕ ಮಾತ್ರವಾ, ಇ-ಬುಕ್, ಆಡಿಯೋ, ಅನುವಾದ, ಸಿನಿಮಾ ಹಕ್ಕು ಯಾರದ್ದು, ವರ್ಷಕ್ಕೊಂದು ಸಲ ಮಾರಾಟದ ಲೆಕ್ಕ ಯಾವ ತಿಂಗಳು ಕೊಡ್ತಾರೆ. ಇದನ್ನ ಕೇಳಿದ್ರೆ ಒಳ್ಳೇ ಪ್ರಕಾಶಕರು ಬೇಜಾರು ಮಾಡ್ಕೊಳ್ಳಲ್ಲ.

ಸ್ವಂತ ಹಾಕೋದು ನಮ್ಮಲ್ಲಿ ಹೊಸದೇನಲ್ಲ, ಅದರಲ್ಲಿ ಕೀಳರಿಮೆ ಬೇಡವೇ ಬೇಡ. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ಕೊಂಡು ಊರೂರು ಅಲೆದು ಮಾರಿದೋರು. ಶಿವರಾಮ ಕಾರಂತರು ಪುತ್ತೂರಲ್ಲಿ ಸ್ವಂತ ಪ್ರೆಸ್ಸೇ ನಡೆಸಿದ್ರು. ನಮ್ಮ ಕಾಲದಲ್ಲಿ ನಿಮಗೆ ಎಲ್ಲರಿಗಿಂತ ಹತ್ತಿರದ ಉದಾಹರಣೆ ಕಥೆಗಾರ ವಸುಧೇಂದ್ರ, ಸಂಡೂರಿನವರು, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್‌ನಲ್ಲಿ ತುಂಬಾ ವರ್ಷ ಇದ್ದೋರು. ಕೆಲಸದಲ್ಲಿ ಇದ್ದಾಗ್ಲೇ 2004ರಲ್ಲಿ ಛಂದ ಪುಸ್ತಕ ಅನ್ನೋ ಪ್ರಕಾಶನ ಶುರು ಮಾಡಿದ್ರು, ತಮ್ಮದಷ್ಟೇ ಅಲ್ಲ ಹೊಸ ಕಥೆಗಾರರ ಪುಸ್ತಕಾನೂ ತಂದ್ರು, ಪೂರ್ತಿ ಬರವಣಿಗೆಗೆ ಬಂದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆ ಕ್ರಮ ಗಮನಿಸಿ ಅಂತಷ್ಟೇ ನಾನು ಕೇಳ್ಕೊಳ್ಳೋದು.

ನನ್ನ ಕಳೆದ ಪುಸ್ತಕ ನಾನೇ ಹಾಕಿದ್ದು, ಲೆಕ್ಕ ಬಿಚ್ಚಿಡ್ತೀನಿ. ಸಾವಿರ ಪ್ರತಿ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಪ್ರತಿಗೆ 90 ರೂಪಾಯಿ ಬಿತ್ತು. ಡಿಟಿಪಿ (ಪುಟ ಜೋಡಿಸೋ ಕೆಲಸ), ಕರಡು ತಿದ್ದಿದೋರಿಗೆ, ಮುಖಪುಟದ ಕಲಾವಿದರಿಗೆ ಸೇರಿ 40 ಸಾವಿರ. ಒಟ್ಟು 1.3 ಲಕ್ಷ. ಬೆಲೆ 300. ಅಂಗಡಿಗಳಿಗೆ 40% ಕಮಿಷನ್ ಬಿಟ್ಟು ನನಗೆ ಪ್ರತಿಗೆ 180, ಹಾಗೆ 600 ಪ್ರತಿ ಹೋಯ್ತು. 300 ಪ್ರತಿ ನಾನೇ ಓದುಗರಿಗೆ ನೇರ ಕಳಿಸ್ದೆ, ಅಂಚೆ, ಕವರ್ ಕಳೆದು 255 ಉಳೀತು. ನೂರು ಪ್ರತಿ ವಿಮರ್ಶೆಗೆ, ಗೌರವಕ್ಕೆ ಹೋಯ್ತು. ಕೊನೆಗೆ ಉಳಿದಿದ್ದು 54,500, ಒಂದೂವರೆ ವರ್ಷದಲ್ಲಿ. ರಾಯಲ್ಟಿಗಿಂತ ಜಾಸ್ತಿ ನಿಜ, ಆದ್ರೆ ಮೂರು ತಿಂಗಳು ನಾನು ಬರೀಲಿಲ್ಲ, ವಿಳಾಸ ಬರೀತಿದ್ದೆ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ್ದು ನಮ್ಮಂಥ ಸಣ್ಣೋರಿಗೆ ದೊಡ್ಡ ಪೆಟ್ಟು, ಮೊದಲು ಕಮ್ಮಿ ದುಡ್ಡಲ್ಲಿ ಬೀದರ್‌ಗೂ ಪುಸ್ತಕ ಹೋಗ್ತಿತ್ತು, ಅದು ನನ್ನನ್ನ ಈಗಲೂ ನೋಯಿಸುತ್ತೆ. ಐಎಸ್‌ಬಿಎನ್‌ಗೆ, ಅಂದ್ರೆ ಪುಸ್ತಕದ ಗುರುತಿನ ಸಂಖ್ಯೆಗೆ, ಯಾರಿಗೂ ದುಡ್ಡು ಕೊಡಬೇಡಿ, ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತೆ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸೋದು ಪ್ರಕಾಶಕರ ಕರ್ತವ್ಯ, ಸ್ವಂತ ಹಾಕಿದ್ರೆ ಆ ಪ್ರಕಾಶಕರು ನೀವೇ.

ಇ-ಬುಕ್ ಬಗ್ಗೆ ಚಿಕ್ಕದಾಗಿ. ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸ್ತು, ಕನ್ನಡ ಆ ಪಟ್ಟೀಲಿ ಇರ್ಲಿಲ್ಲ. ನಮ್ಮೋರೇ ಮೈಲ್ಯಾಂಗ್ ಥರದ ಆ್ಯಪ್ ಕಟ್ಟಿ ಇ-ಬುಕ್, ಆಡಿಯೋ ಕೊಡೋಕೆ ಶುರು ಮಾಡಿದ್ರು, ಗೂಗಲ್ ಪ್ಲೇಯಲ್ಲೂ ಕನ್ನಡ ಪುಸ್ತಕ ಸಿಗುತ್ತೆ. ಹೊರದೇಶದ ಕನ್ನಡಿಗರಿಗೆ ಅಂಚೆಯಲ್ಲಿ ಕಳಿಸೋದಕ್ಕಿಂತ ಇದೇ ದಾರಿ. ಟ್ಯಾಕ್ಸ್ ವಿಷಯ ಒಬ್ಬ ಆಡಿಟರ್ ಹತ್ರ ಅರ್ಧ ಗಂಟೆ ಕೂತು ಕೇಳಿ, ರಾಯಲ್ಟಿ ಬೇರೆ, ಸ್ವಂತ ಪುಸ್ತಕ ಮಾರಿದ ಲಾಭ ಬೇರೆ, ಎರಡನ್ನೂ ಒಂದೇ ಡಬ್ಬಿಗೆ ಹಾಕೋಕೆ ಆಗಲ್ಲ.

ಇಷ್ಟೆಲ್ಲಾ ಹೇಳಿ ಬರವಣಿಗೆ ಬಗ್ಗೆ ಹೇಳದೇ ಹೋದ್ರೆ ನನಗೇ ಸಮಾಧಾನ ಇಲ್ಲ. ನೀವು ಕಳಿಸಿದ ಅಧ್ಯಾಯ ಓದಿದೆ. ಊರಿನ ಭಾಗ ಚೆನ್ನಾಗಿದೆ, ಆಲೂಗಡ್ಡೆ ಗದ್ದೆಗೆ ಅಂಗಮಾರಿ ರೋಗ ಬಿದ್ದ ಆ ಬೆಳಗ್ಗೆ, ಅಪ್ಪ ಎಲೆ ಮಗುಚಿ ನೋಡಿ ಏನೂ ಮಾತಾಡದೆ ಎದ್ದು ಹೋಗೋದು, ಅದು ಯಾರಿಂದಲೂ ಕಲಿತದ್ದಲ್ಲ. ಆದ್ರೆ ಬೆಂಗಳೂರಿಗೆ ಬಂದ ತಕ್ಷಣ ನಿಮ್ಮ ಪಾತ್ರ ಒಳಗೆ ಖಾಲಿ ಆಗಿಬಿಡ್ತಾನೆ, "ಯಾಂತ್ರಿಕ ಬದುಕು" ಅಂತ ಎರಡು ಕಡೆ ಬರೆದು ಮುಂದೆ ಹೋಗಿದೀರ. 13 ವರ್ಷ ಅಲ್ಲಿ ಇದ್ದೋರು ನೀವು. ರಾತ್ರಿ ಎರಡಕ್ಕೆ ಪ್ರೊಡಕ್ಷನ್, ಅಂದ್ರೆ ಜನ ಬಳಸ್ತಿರೋ ಸಿಸ್ಟಮ್ಮೇ, ಬಿದ್ದಾಗ ಕಾಲ್‌ನಲ್ಲಿ ಹನ್ನೆರಡು ಜನ ಮ್ಯೂಟ್ ಹಾಕ್ಕೊಂಡು ಕೂತಿರ್ತಾರಲ್ಲ, ಆ ಮೌನ ಹೇಗಿರುತ್ತೆ? ಪಕ್ಕದ ಸೀಟಿನವರನ್ನ ಎಚ್‌ಆರ್ ಕರೆದು ಅರ್ಧ ಗಂಟೆಗೆ ಅವರ ಐಡಿ ಕಾರ್ಡ್ ಕೆಲಸ ಮಾಡದೇ ಹೋದಾಗ ಉಳಿದೋರು ಊಟಕ್ಕೆ ಹೋಗಿ ಏನು ಮಾತಾಡ್ತಾರೆ? ಇದು ಕನ್ನಡದಲ್ಲಿ ಇನ್ನೂ ಸಾಕಷ್ಟು ಬಂದಿಲ್ಲ, ಬರಬೇಕಾಗಿದೆ. ಯಶವಂತ ಚಿತ್ತಾಲರು ಮುಂಬೈನಲ್ಲಿ ಕೈಗಾರಿಕೆಯ ತಂತ್ರಜ್ಞರಾಗಿ ಇಡೀ ವೃತ್ತಿ ಜೀವನ ಕಳೆದೋರು, 1979ರಲ್ಲಿ ಬಂದ ಅವರ ಶಿಕಾರಿ ಕಾದಂಬರಿ ಓದಿದ್ರೆ ಒಂದು ಕಂಪನಿಯ ಒಳಗಿನ ಭಯ ಇಷ್ಟು ಆಳಕ್ಕೆ ಹೋಗಬಲ್ಲದಾ ಅನ್ಸುತ್ತೆ. ಕೆಲಸವನ್ನ ಶತ್ರು ಅಂತ ನೋಡ್ತಾ ಇದ್ರೆ ಅದರ ಬಗ್ಗೆ ಬರೆಯೋಕೆ ಆಗಲ್ಲ. ಈ ಎಂಟು ತಿಂಗಳು ಆಫೀಸಿಗೆ ಹೋಗುವಾಗ ನೋಡೋಕೆ ಅಂತ ಹೋಗಿ, ದಿನಕ್ಕೊಂದು ಮಾತು ಕೇಳಿಸ್ಕೊಂಡು ಬಂದು ಬರೆದಿಡಿ. ಬಿಟ್ಟ ಮೇಲೆ ಅದು ಸಿಗಲ್ಲ. ನಾನು ಬಿಟ್ಟ ಎರಡೇ ವರ್ಷಕ್ಕೆ ಆಫೀಸಿನವರ ಮಾತಿನ ವರಸೆ ಮರೆತು ಹಳೇ ಟೀಮಿನೋರ ಮನೆಗೆ ಹೋಗಿ ಕೂತು ಕೇಳಿಸ್ಕೊಬೇಕಾಯ್ತು.

ನಿಮ್ಮ ಹೆಂಡತಿ ಏನಂತಾರೆ ಅಂತ ಪತ್ರದಲ್ಲಿ ಒಂದು ಸಾಲೂ ಇಲ್ಲ. ಎರಡೂಕಾಲು ವರ್ಷ ಮನೆ ನಿಲ್ಲೋದು ಅವರ 38 ಸಾವಿರದ ಮೇಲೆ. ಈ ಲೆಕ್ಕದ ಹಾಳೆ ಮೊದಲು ಅವರ ಮುಂದೆ ಇಡಿ, ಎಷ್ಟು ವರ್ಷ ನೋಡೋದು, ಉಳಿತಾಯ ಎಷ್ಟಕ್ಕೆ ಇಳಿದ್ರೆ ಮತ್ತೆ ಕೆಲಸಕ್ಕೆ ಹೋಗೋದು ಅಂತ ಇಬ್ರೂ ಸೇರಿ ಬರೆದು ತಾರೀಕು ಹಾಕಿ. ಅವರೂ ಏನೋ ಒಂದನ್ನ ಮುಂದಕ್ಕೆ ಹಾಕ್ಕೊಂಡು ಬಂದಿರ್ತಾರೆ, ಅದೇನು ಅಂತ ಕೇಳಿ, ಅದಕ್ಕೂ ಹಾಳೇಲಿ ಜಾಗ ಇರ್ಲಿ.

ಅಪ್ಪಂಗೆ ವಾದ ಮಾಡಿ ಒಪ್ಪಿಸೋಕೆ ಹೋಗಬೇಡಿ. ಸಾಲ ಮಾಡಿ ಓದಿಸಿದೋರಿಗೆ ಭಯ ಆಗೋದು ಸರಿಯೇ. ಆ ಅಂಗಮಾರಿ ಅಧ್ಯಾಯ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತಗೊಂಡು ಊರಿಗೆ ಹೋಗಿ, ಔಷಧಿ ಹೊಡೆಯೋ ವಿವರ ಸರಿ ಇದೆಯಾ ನೋಡಿ ಹೇಳು ಅಂತ ಕೇಳಿ. ನಿಜವಾಗ್ಲೂ ಕೇಳಿ, ಯಾಕಂದ್ರೆ ಅಲ್ಲಿ ಎರಡು ತಪ್ಪಿದೆ ಅಂತ ನನಗನ್ಸಿತು, ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.